ಲೇಸರ್ ಕಿರಣವನ್ನು ಲ್ಯಾಪ್‌ಟಾಪಿನಲ್ಲಿ ನಡೆಸಿ ನೋಡುವುದು ಹೇಗೆ

ಬಿಎಸ್ಸಿ ಲ್ಯಾಬಿನಲ್ಲಿ ಪ್ರಿಸಂ ಇಟ್ಟು, ಸ್ಪೆಕ್ಟ್ರೋಮೀಟರ್ ತಿರುಗಿಸಿ, ಗಾಜಿನ ವಕ್ರೀಭವನ ಸೂಚ್ಯಂಕ (ಗಾಜು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂದು ಹೇಳುವ ಸಂಖ್ಯೆ) ಅಳೆದವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿರುತ್ತದೆ: ಆ ಸಂಖ್ಯೆ ಗಾಜಿಗೆ ಸೇರಿದ್ದು, ಬೆಳಕು ಮಂಕೋ ಪ್ರಖರವೋ ಎನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಸೋಡಿಯಂ ದೀಪದ ಮಟ್ಟಿಗೆ ಇದು ಸರಿ. ಲೇಸರ್ ಬೆಳಕನ್ನು ಕೂದಲೆಳೆಗಿಂತ ಸಣ್ಣ ಜಾಗಕ್ಕೆ ಕೂಡಿಸಿದಾಗ ಸರಿಯಲ್ಲ. ಆಗ ಬೆಳಕು ತಾನು ಹಾದುಹೋಗುವ ವಸ್ತುವಿನ ಸೂಚ್ಯಂಕವನ್ನೇ ಚೂರು ಏರಿಸುತ್ತದೆ. ಏರಿದ ಸೂಚ್ಯಂಕ ಮತ್ತೆ ಬೆಳಕಿನ ದಾರಿಯನ್ನು ಬಗ್ಗಿಸುತ್ತದೆ. ಕಿರಣದ ನಡುಭಾಗ ಹೆಚ್ಚು ಪ್ರಖರವಾದ್ದರಿಂದ ಅಲ್ಲಿ ಸೂಚ್ಯಂಕವೂ ಹೆಚ್ಚು. ಹೀಗೆ ಕಿರಣ ತನಗೆ ತಾನೇ ಪೀನ ಮಸೂರವಾಗುತ್ತದೆ. ಹರಡಬೇಕಾದ ಬೆಳಕು ಹರಡದೆ ನೇರ ನಡೆಯಬಹುದು, ಇಲ್ಲವೇ ಒಂದು ಬಿಂದುವಿನತ್ತ ಕುಸಿಯಬಹುದು.

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ, ಮೈಸೂರಿನ ಯುವರಾಜ ಕಾಲೇಜಿನಲ್ಲಿ, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ ಎಂದು ನನ್ನ ಅಭಿಪ್ರಾಯ. ದುಬಾರಿ ಲೇಸರ್ ಬೇಡ. ಸಾಮಾನ್ಯ ಲ್ಯಾಪ್‌ಟಾಪ್, ಪೈಥಾನ್ ಅಥವಾ ಆಕ್ಟೇವ್ ಭಾಷೆ, ಕಿರಣ ವಸ್ತುವಿನೊಳಗೆ ಸಾಗುವುದನ್ನು ಲೆಕ್ಕ ಹಾಕುವ ನಲವತ್ತು ಐವತ್ತು ಸಾಲಿನ ಒಂದು ಪ್ರೋಗ್ರಾಂ ಇದ್ದರೆ ಸಾಕು. ಅಪಾಯವಿರುವುದು ಬೇರೆ ಕಡೆ. ಈ ಪ್ರೋಗ್ರಾಂ ತಪ್ಪಿದ್ದರೂ ಚೆಂದದ ಬಣ್ಣದ ಚಿತ್ರ ಕೊಡುತ್ತದೆ. ಹಾಗಾಗಿ ಮಾದರಿ ಕಟ್ಟುವುದಕ್ಕಿಂತ ಅದನ್ನು ಪರೀಕ್ಷೆ ಮಾಡುವುದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ. ಸಮೀಕರಣಗಳನ್ನು ಮಾತಿನಲ್ಲೇ ಬರೆದಿದ್ದೇನೆ. ಪಕ್ಕದಲ್ಲಿ ಕಾಗದ ಇಟ್ಟುಕೊಂಡು ನಿಮ್ಮ ಚಿಹ್ನೆಗಳಲ್ಲಿ ಬರೆದುಕೊಳ್ಳುತ್ತಾ ಓದಿ.

ಮೊದಲ ಹೆಜ್ಜೆ: ವಸ್ತು ಯಾವುದು, ಸಂಖ್ಯೆಗಳು ಯಾವುವು

ಮಾದರಿಯ ಹೃದಯದಲ್ಲಿರುವುದು ಒಂದು ಸರಳ ಸಂಬಂಧ: ಸೂಚ್ಯಂಕ = ಮೂಲ ಸೂಚ್ಯಂಕ + ಎನ್‌ಟೂ × ತೀವ್ರತೆ. ಎನ್‌ಟೂ ಎಂದರೆ ತೀವ್ರತೆ ಒಂದು ಮಾನ ಏರಿದರೆ ಸೂಚ್ಯಂಕ ಎಷ್ಟು ಏರುತ್ತದೆ ಎಂಬ ಸಂಖ್ಯೆ. ಈ ಸಂಬಂಧ ಪಾಲಿಸುವ ವಸ್ತುವನ್ನು ಕೆರ್ ಮಾಧ್ಯಮ ಎನ್ನುತ್ತೇವೆ. ಜಾನ್ ಕೆರ್ 1875ರಲ್ಲಿ ಕಂಡದ್ದು ವಿದ್ಯುತ್ ಕ್ಷೇತ್ರ ಕೊಟ್ಟಾಗ ಸೂಚ್ಯಂಕ ಬದಲಾಗುವುದನ್ನು. ಬೆಳಕಿನದೇ ವಿದ್ಯುತ್ ಕ್ಷೇತ್ರ ಆ ಕೆಲಸ ಮಾಡುವುದನ್ನು ನೋಡಲು 1960ರಲ್ಲಿ ಲೇಸರ್ ಬರಬೇಕಾಯಿತು.

ಎನ್‌ಟೂ ಬಹಳ ಸಣ್ಣ ಸಂಖ್ಯೆ. ಶುದ್ಧ ಸಿಲಿಕಾ ಗಾಜಿಗೆ ಅದು ಸುಮಾರು 2.7 × 10⁻²⁰ ಚದರ ಮೀಟರ್ ಪ್ರತಿ ವ್ಯಾಟ್‌ಗೆ. ಕಾರ್ಬನ್ ಡೈಸಲ್ಫೈಡ್ ದ್ರವಕ್ಕೆ, ಪಿಕೋಸೆಕೆಂಡ್ ಅಳತೆಯ ಸ್ಪಂದಗಳಲ್ಲಿ (ಬೆಳಕಿನ ಕ್ಷಣಿಕ ಮಿಡಿತಗಳಲ್ಲಿ), ಸುಮಾರು 3 × 10⁻¹⁸, ಅಂದರೆ ಗಾಜಿಗಿಂತ ನೂರುಪಟ್ಟು. ಇಲ್ಲಿನ ಉದಾಹರಣೆಗಳಿಗೆ ಈ ದ್ರವವನ್ನೇ ತೆಗೆದುಕೊಳ್ಳುತ್ತೇನೆ: ಮೂಲ ಸೂಚ್ಯಂಕ 1.63, ತರಂಗದೂರ 532 ನ್ಯಾನೋಮೀಟರಿನ ಹಸಿರು ಬೆಳಕು, ಕಿರಣದ ಅಗಲ 10 ಮೈಕ್ರೋಮೀಟರ್.

ನಿಮ್ಮ ವಿಭಾಗದಲ್ಲೇ ಯಾರಾದರೂ ಝಡ್-ಸ್ಕ್ಯಾನ್ ಮಾಡಿ (ವಸ್ತುವನ್ನು ಲೇಸರ್ ಕೂಡುವ ಬಿಂದುವಿನ ಹಿಂದೆ ಮುಂದೆ ಸರಿಸಿ) ಅಳೆದ ಎನ್‌ಟೂ ಇದ್ದರೆ ಅದನ್ನು ಬಳಸುವ ಆಸೆ ಸಹಜ. ಬಳಸುವ ಮುಂಚೆ ಒಂದು ಪ್ರಶ್ನೆ ಕೇಳಿ: ಲೇಸರ್ ಸ್ಪಂದಗಳಲ್ಲಿ ಬರುತ್ತಿತ್ತೋ, ನಿರಂತರವಾಗಿ ಉರಿಯುತ್ತಿತ್ತೋ? ಬೆಳಕು ಹೀರುವ ಡೈ ದ್ರಾವಣಕ್ಕೆ ನಿರಂತರ ಲೇಸರ್ ಹಾಯಿಸಿದಾಗ ದ್ರಾವಣ ಬಿಸಿಯಾಗುತ್ತದೆ, ಬಿಸಿಯಾದಲ್ಲಿ ಸೂಚ್ಯಂಕ ಇಳಿಯುತ್ತದೆ. ಆಗ ಸಿಗುವ ಸಂಖ್ಯೆ ಕಾರ್ಬನ್ ಡೈಸಲ್ಫೈಡಿನದಕ್ಕಿಂತ ಲಕ್ಷಪಟ್ಟು ದೊಡ್ಡದಿರಬಹುದು, ಅದರ ಚಿಹ್ನೆ ಸಾಮಾನ್ಯವಾಗಿ ಋಣ. ಅದು ಶಾಖದ ಪರಿಣಾಮ. ಶಾಖ ಅಕ್ಕಪಕ್ಕಕ್ಕೆ ಹರಿಯುತ್ತದಾದ್ದರಿಂದ ಒಂದು ಬಿಂದುವಿನ ಸೂಚ್ಯಂಕ ಆ ಬಿಂದುವಿನ ತೀವ್ರತೆಯೊಂದನ್ನೇ ಅವಲಂಬಿಸಿರುವುದಿಲ್ಲ. ಆ ಸಂಖ್ಯೆಯನ್ನು ಕೆರ್ ಸಮೀಕರಣಕ್ಕೆ ತುಂಬಿದರೆ ಬರುವ ಫಲಿತಾಂಶಕ್ಕೂ ನಿಮ್ಮ ದ್ರಾವಣಕ್ಕೂ ಸಂಬಂಧವಿರುವುದಿಲ್ಲ.

ಎರಡನೇ ಹೆಜ್ಜೆ: ಸಮೀಕರಣ, ಮತ್ತು ಅದಕ್ಕಾಗಿ ನಾವು ಬಿಟ್ಟದ್ದು

ಮ್ಯಾಕ್ಸ್‌ವೆಲ್ ಸಮೀಕರಣಗಳಿಂದ ಹೊರಟು, ಅಲೆಯ ವೇಗದ ಕಂಪನವನ್ನು ಬದಿಗಿಟ್ಟು, ನಿಧಾನವಾಗಿ ಬದಲಾಗುವ ಹೊದಿಕೆಯನ್ನು ಮಾತ್ರ ಉಳಿಸಿಕೊಂಡರೆ ಇದು ಸಿಗುತ್ತದೆ:

ಮುಂದೆ ಸಾಗಿದಂತೆ ಯು ಬದಲಾಗುವ ದರ = ಐ × [ ½ × (ಅಡ್ಡ ದಿಕ್ಕಿನಲ್ಲಿ ಯು-ನ ಎರಡನೇ ಡಿರಿವೇಟಿವ್) + (ಯು-ನ ಪರಿಮಾಣದ ವರ್ಗ) × ಯು ]

ಯು ಎಂಬುದು ಬೆಳಕಿನ ಪಾರ (ಅಲೆಯ ಎತ್ತರ) ಮತ್ತು ಫೇಸ್ (ಅಲೆ ತನ್ನ ಏರಿಳಿತದಲ್ಲಿ ಎಲ್ಲಿದೆ ಎಂಬುದು) ಎರಡನ್ನೂ ಹೊತ್ತ ಕಾಂಪ್ಲೆಕ್ಸ್ ಸಂಖ್ಯೆ. ಅದರ ಪರಿಮಾಣದ ವರ್ಗವೇ ತೀವ್ರತೆ. ಐ ಎಂಬುದು ಋಣ ಒಂದರ ವರ್ಗಮೂಲ. ಮೊದಲ ಪದ ವಿವರ್ತನೆ, ಕಿರಣವನ್ನು ಹರಡಿಸುತ್ತದೆ. ಎರಡನೆಯದು ಕೆರ್ ಪರಿಣಾಮ, ಕೂಡಿಸುತ್ತದೆ. ರೂಪದಲ್ಲಿ ಇದು ಶ್ರೋಡಿಂಗರ್ ಸಮೀಕರಣವೇ. ಕಾಲದ ಜಾಗದಲ್ಲಿ ದೂರ ಕೂತಿದೆ, ಪೊಟೆನ್ಷಿಯಲ್ ಜಾಗದಲ್ಲಿ ಕಿರಣದ್ದೇ ತೀವ್ರತೆ ಕೂತಿದೆ. ಕ್ವಾಂಟಂ ಮೆಕ್ಯಾನಿಕ್ಸ್ ಪೇಪರಿಗೆ ಓದಿದ್ದು ಇಲ್ಲಿ ನೇರವಾಗಿ ಕೈಹಿಡಿಯುತ್ತದೆ.

ಇಲ್ಲಿಗೆ ಬರಲು ಏನೇನು ಕೈಬಿಟ್ಟಿದ್ದೇವೆ ಎಂಬುದನ್ನು ವರದಿಯ ಮೊದಲ ಪುಟದಲ್ಲೇ ಬರೆಯಿರಿ. ಬೆಳಕಿನ ಧ್ರುವೀಕರಣ ಬದಲಾಗುವುದಿಲ್ಲ ಎಂದುಕೊಂಡಿದ್ದೇವೆ. ಕಿರಣಗಳು ಅಕ್ಷದ ಹತ್ತಿರದಲ್ಲೇ ಸಾಗುತ್ತವೆ ಎಂದುಕೊಂಡಿದ್ದೇವೆ. ಅಗಲ ತರಂಗದೂರದ ಹತ್ತಿರಕ್ಕೆ ಇಳಿದರೆ ಇದು ಮುರಿಯುತ್ತದೆ. ವಸ್ತು ತಕ್ಷಣ ಪ್ರತಿಕ್ರಿಯಿಸುತ್ತದೆ, ಬೆಳಕನ್ನು ಹೀರುವುದಿಲ್ಲ, ಬಣ್ಣ ಒಂದೇ. ಜೊತೆಗೆ ಅಡ್ಡ ದಿಕ್ಕು ಒಂದೇ ಎಂದುಕೊಂಡಿದ್ದೇವೆ, ತೆಳು ಪದರದಲ್ಲಿ ಬೆಳಕನ್ನು ಒಂದು ದಿಕ್ಕಿನಲ್ಲಿ ಕಟ್ಟಿಹಾಕಿದಂತೆ. ವೈವಾದಲ್ಲಿ ಪರೀಕ್ಷಕರು ಕೇಳುವ ಪ್ರಶ್ನೆಗಳಲ್ಲಿ ಅರ್ಧ ಈ ಪಟ್ಟಿಯಿಂದಲೇ ಹುಟ್ಟುತ್ತವೆ.

ಮೂರನೇ ಹೆಜ್ಜೆ: ಮಾನಗಳನ್ನು ಕಳಚುವುದು

ಮೇಲಿನ ಸಮೀಕರಣದಲ್ಲಿ ಮೀಟರ್, ವ್ಯಾಟ್ ಯಾವುದೂ ಇಲ್ಲ. ಅಡ್ಡ ದೂರವನ್ನು ಕಿರಣದ ಅಗಲದಿಂದ, ಮುಂದಿನ ದೂರವನ್ನು ವಿವರ್ತನೆಯ ದೂರದಿಂದ ಭಾಗಿಸಿದ್ದೇವೆ. ವಿವರ್ತನೆಯ ದೂರ ಎಂದರೆ ವಸ್ತುವಿನೊಳಗಿನ ತರಂಗ ಸಂಖ್ಯೆ × ಅಗಲದ ವರ್ಗ. ತರಂಗ ಸಂಖ್ಯೆ ಎರಡು ಪೈ × 1.63 ÷ 532 ನ್ಯಾನೋಮೀಟರ್, ಅಂದರೆ ಮೀಟರಿಗೆ ಸುಮಾರು 1.93 × 10⁷. ಆದ್ದರಿಂದ ನಮ್ಮ ಕಿರಣದ ವಿವರ್ತನೆಯ ದೂರ ಸುಮಾರು 1.9 ಮಿಲಿಮೀಟರ್. ಪ್ರೋಗ್ರಾಂನಲ್ಲಿ ದೂರ 1 ಎಂದರೆ ಲ್ಯಾಬಿನಲ್ಲಿ 1.9 ಮಿಲಿಮೀಟರ್.

ತೀವ್ರತೆಯ ಮಾನವೂ ಹೀಗೆಯೇ ಬರುತ್ತದೆ: ನಿರ್ವಾತದ ತರಂಗ ಸಂಖ್ಯೆ × ಎನ್‌ಟೂ × ತೀವ್ರತೆ × ವಿವರ್ತನೆಯ ದೂರ, ಈ ಗುಣಲಬ್ಧ 1 ಆಗುವ ತೀವ್ರತೆಯೇ ನಮ್ಮ ಮಾನ. ಲೆಕ್ಕ ಹಾಕಿದರೆ ಚದರ ಸೆಂಟಿಮೀಟರಿಗೆ ಸುಮಾರು 150 ಕೋಟಿ ವ್ಯಾಟ್. ದೊಡ್ಡದಾಗಿ ಕೇಳಿಸುತ್ತದೆ. ಆದರೆ ಇಷ್ಟು ತೀವ್ರತೆ ಸೂಚ್ಯಂಕವನ್ನು ಏರಿಸುವುದು 0.000044ರಷ್ಟು ಮಾತ್ರ, 1.63 ಇದ್ದದ್ದು 1.630044 ಆಗುತ್ತದೆ. ಕಿರಣದ ಹರಡುವಿಕೆಯನ್ನು ತಡೆಯಲು ಇಷ್ಟೇ ಸಾಕು ಎಂಬುದನ್ನು ನೋಡಿದಾಗಲೆಲ್ಲ ನನಗೆ ಬೆರಗಾಗುತ್ತದೆ.

ನಾಲ್ಕನೇ ಹೆಜ್ಜೆ: ಒಂದು ಕಷ್ಟವನ್ನು ಎರಡು ಸುಲಭಗಳಾಗಿ ಒಡೆಯುವುದು

ಎರಡೂ ಪದಗಳನ್ನು ಒಟ್ಟಿಗೆ ಬಿಡಿಸುವುದು ಕಷ್ಟ. ಒಂದೊಂದನ್ನೇ ಬಿಡಿಸುವುದು ತೀರಾ ಸುಲಭ. ವಿವರ್ತನೆ ಮಾತ್ರ ಇದ್ದರೆ, ಫೂರಿಯೆ ಪರಿವರ್ತನೆ ಮಾಡಿದಾಗ (ಕಿರಣವನ್ನು ಬೇರೆ ಬೇರೆ ಅಡ್ಡ ತರಂಗ ಸಂಖ್ಯೆಯ ಸರಳ ಅಲೆಗಳಾಗಿ ಬಿಡಿಸಿದಾಗ) ಪ್ರತಿ ಘಟಕದ ಫೇಸ್ ಮಾತ್ರ ತಿರುಗುತ್ತದೆ. ಕೆರ್ ಪದ ಮಾತ್ರ ಇದ್ದರೆ, ಪ್ರತಿ ಬಿಂದುವಿನಲ್ಲಿ ತೀವ್ರತೆ ಬದಲಾಗದೆ ಫೇಸ್ ಮಾತ್ರ ತಿರುಗುತ್ತದೆ. ಆದ್ದರಿಂದ ದಾರಿಯನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಕತ್ತರಿಸಿ, ಪ್ರತಿ ಹೆಜ್ಜೆಯಲ್ಲೂ ಇವೆರಡನ್ನೂ ಸರದಿಯಲ್ಲಿ ನಡೆಸುತ್ತೇವೆ. 1965ರಲ್ಲಿ ಕೂಲಿ ಮತ್ತು ಟೂಕಿ ವೇಗದ ಫೂರಿಯೆ ಪರಿವರ್ತನೆಯ ಕ್ರಮವನ್ನು ಪ್ರಕಟಿಸಿದ ಮೇಲೆ ಈ ವಿಧಾನ ಅಗ್ಗವಾಯಿತು. ಇಂದಿಗೂ ಈ ಕ್ಷೇತ್ರದಲ್ಲಿ ಎಲ್ಲರೂ ಮೊದಲು ಕೈಹಾಕುವುದು ಇದಕ್ಕೇ.

ಒಂದು ಹೆಜ್ಜೆಯ ಒಳಗೆ ನಡೆಯುವುದು ಇಷ್ಟು. ಯು-ವನ್ನು ಫೂರಿಯೆಗೆ ಒಯ್ಯಿರಿ, ಪ್ರತಿ ಘಟಕದ ಫೇಸಿನಿಂದ (ಅಡ್ಡ ತರಂಗ ಸಂಖ್ಯೆಯ ವರ್ಗ × ಹೆಜ್ಜೆಯ ಉದ್ದ ÷ 4) ಕಳೆಯಿರಿ, ವಾಪಸ್ ತನ್ನಿ. ಇದು ಅರ್ಧ ಹೆಜ್ಜೆಯ ವಿವರ್ತನೆ. ಈಗ ಪ್ರತಿ ಬಿಂದುವಿನ ಫೇಸಿಗೆ (ಅಲ್ಲಿನ ತೀವ್ರತೆ × ಹೆಜ್ಜೆಯ ಉದ್ದ) ಕೂಡಿಸಿ. ಇದು ಪೂರ್ತಿ ಹೆಜ್ಜೆಯ ಕೆರ್ ಪರಿಣಾಮ. ಮತ್ತೆ ಅರ್ಧ ಹೆಜ್ಜೆ ವಿವರ್ತನೆ. ಅರ್ಧ, ಪೂರ್ತಿ, ಅರ್ಧ ಎಂಬ ಈ ಹೊಂದಿಕೆ ಗಿಲ್ಬರ್ಟ್ ಸ್ಟ್ರ್ಯಾಂಗ್ 1968ರಲ್ಲಿ ತೋರಿಸಿದ್ದು. ಪೂರ್ತಿ, ಪೂರ್ತಿ ಎಂದು ನಡೆಸಿದರೂ ಉತ್ತರ ಬರುತ್ತದೆ, ಆದರೆ ದೋಷ ಬಹಳ ನಿಧಾನವಾಗಿ ಇಳಿಯುತ್ತದೆ.

ಐದನೇ ಹೆಜ್ಜೆ: ಜಾಲರಿ

ಅಡ್ಡ ಕಿಟಕಿ −20ರಿಂದ 20, ಅದರಲ್ಲಿ 512 ಬಿಂದುಗಳು, ಹೆಜ್ಜೆಯ ಉದ್ದ 0.002. ಶುರುವಿಗೆ ಇದು ಸಾಕು. ನಮ್ಮ ದ್ರವದಲ್ಲಿ ಒಂದು ಹೆಜ್ಜೆ ಎಂದರೆ ಸುಮಾರು 4 ಮೈಕ್ರೋಮೀಟರ್.

ಬಿಂದು ಹೆಚ್ಚಿಸಿದರೆ ಲೆಕ್ಕ ಯಾವಾಗಲೂ ಉತ್ತಮವಾಗುತ್ತದೆ ಎಂದು ತಿಳಿಯಬೇಡಿ. ಒಂದು ಹೆಜ್ಜೆಯಲ್ಲಿ ವಿವರ್ತನೆಯಿಂದ ತಿರುಗುವ ಅತಿ ಹೆಚ್ಚು ಫೇಸ್ ಪೈಗಿಂತ ಕಡಿಮೆ ಇರಬೇಕು. ಮೀರಿದರೆ ಭೌತಶಾಸ್ತ್ರದಲ್ಲಿ ಇಲ್ಲದ ಅಸ್ಥಿರತೆ ಲೆಕ್ಕದಲ್ಲಿ ಹುಟ್ಟುತ್ತದೆ. 512 ಬಿಂದುಗಳಿಗೆ ಅತಿ ದೊಡ್ಡ ತರಂಗ ಸಂಖ್ಯೆ 40.2, ಆ ಫೇಸ್ ಸುಮಾರು 1.6. ಹೆಜ್ಜೆ ಹಾಗೇ ಇಟ್ಟು ಬಿಂದುಗಳನ್ನು ಮಾತ್ರ 1024ಕ್ಕೆ ಏರಿಸಿದರೆ ಅದು 6.5ಕ್ಕೆ ಜಿಗಿಯುತ್ತದೆ. ಆದ್ದರಿಂದ ಬಿಂದು ಇಮ್ಮಡಿಸಿದಾಗ ಹೆಜ್ಜೆಯನ್ನು ಕಾಲುಭಾಗಕ್ಕೆ ಇಳಿಸಿ.

ಇನ್ನೊಂದು ವಿಷಯ: ಫೂರಿಯೆ ವಿಧಾನಕ್ಕೆ ಕಿಟಕಿಯ ಎಡ ಅಂಚೂ ಬಲ ಅಂಚೂ ಒಂದೇ. ಬಲಗಡೆ ಆಚೆ ಹೋದ ಬೆಳಕು ಎಡಗಡೆಯಿಂದ ಒಳಬರುತ್ತದೆ. ಚಿತ್ರದಲ್ಲಿ ಅಂಚಿನಿಂದ ನಡುವಿಗೆ ಬರುವ ಸಣ್ಣ ಪಟ್ಟೆಗಳು ಕಂಡರೆ ಅದು ಹೊಸ ಆವಿಷ್ಕಾರವಲ್ಲ. ಕಿಟಕಿ ಅಗಲ ಮಾಡಿ, ಇಲ್ಲವೇ ಅಂಚಿನ ಹತ್ತಿರ ಬೆಳಕನ್ನು ಮೆಲ್ಲಗೆ ಹೀರುವ ಪಟ್ಟಿಯೊಂದನ್ನು ಸೇರಿಸಿ. ಪಟ್ಟಿ ದಿಢೀರನೆ ಶುರುವಾದರೆ ಅದೇ ಬೆಳಕನ್ನು ಪ್ರತಿಫಲಿಸುತ್ತದೆ, ಮೆಲ್ಲಗೆ ಏರಬೇಕು.

ಆರನೇ ಹೆಜ್ಜೆ: ಉತ್ತರ ಗೊತ್ತಿರುವ ಪ್ರಶ್ನೆಗಳು

ನಿಮ್ಮ ವಸ್ತುವಿಗೆ ಹೋಗುವ ಮುಂಚೆ ಇವಿಷ್ಟೂ ಪಾಸಾಗಲೇಬೇಕು. ಎಲ್ಲಕ್ಕೂ ಸೇರಿ ಕೆಲವೇ ನಿಮಿಷ ಸಾಕು.

ಮೊದಲು ಕೆರ್ ಪದವನ್ನು ಸೊನ್ನೆ ಮಾಡಿ. ಒಳಬರುವ ಕಿರಣ ಗಾಸಿಯನ್, ಅಂದರೆ ಗಂಟೆಯಾಕಾರದ್ದು: ನಡುವಿನ ಪಾರ 1, ತೀವ್ರತೆ ನಡುವಿನಿಂದ 1 ಮಾನ ದೂರದಲ್ಲಿ ಇ-ಯಿಂದ ಭಾಗಿಸಿದಷ್ಟಕ್ಕೆ ಇಳಿಯುವಂತಿರಲಿ. ದೂರ 1ರಲ್ಲಿ ನಡುವಿನ ತೀವ್ರತೆ 0.7071 ಬರಬೇಕು, ದೂರ 2ರಲ್ಲಿ 0.4472. ಕಿರಣ ಹರಡಿಯೇ ಇಲ್ಲವೇನೋ ಎಂಬಂತೆ 1ರ ಹತ್ತಿರವೇ ನಿಂತಿದ್ದರೆ, ತರಂಗ ಸಂಖ್ಯೆ ಬರೆಯುವಾಗ ಎರಡು ಪೈ ಬಿಟ್ಟುಹೋಗಿದೆ. ವಿವರ್ತನೆ 39 ಪಟ್ಟು ದುರ್ಬಲವಾಗಿದೆ. ಉತ್ತರ ಪೂರ್ತಿ ಅಸ್ತವ್ಯಸ್ತವಾಗಿದ್ದರೆ, ತರಂಗ ಸಂಖ್ಯೆಗಳ ಸಾಲು ತಪ್ಪಿದೆ: ಪೈಥಾನಿನ ನಂಪೈ ಲೈಬ್ರರಿ ಮೊದಲು ಸೊನ್ನೆ ಮತ್ತು ಧನ ಸಂಖ್ಯೆಗಳನ್ನು, ಆಮೇಲೆ ಋಣ ಸಂಖ್ಯೆಗಳನ್ನು ಇಡುತ್ತದೆ.

ಈಗ ಕೆರ್ ಪದ ಸೇರಿಸಿ, ಸೆಕ್‌ಎಚ್ (ಹೈಪರ್ಬೋಲಿಕ್ ಸೀಕೆಂಟ್) ಆಕಾರದ ಕಿರಣ ಕಳಿಸಿ, ಎತ್ತರ 1. ಇದು ಸಾಲಿಟಾನ್, ಆಕಾರ ಕೆಡದೆ ಸಾಗುವ ಅಲೆ. ಹತ್ತು ಮಾನ ದೂರ ಹೋದರೂ ಆಕಾರ ಬದಲಾಗಬಾರದು. ಫೇಸ್ ಮಾತ್ರ ದೂರದ ಅರ್ಧದಷ್ಟು ತಿರುಗಬೇಕು. ಫೇಸನ್ನೂ ನೋಡಿ, ಆಕಾರವೊಂದನ್ನೇ ನೋಡಿ ಸಮಾಧಾನಪಡಬೇಡಿ. ಕಿರಣ ವಿವರ್ತನೆಗಿಂತಲೂ ಬೇಗ ಹರಡಿದರೆ ಎರಡು ಪದಗಳ ಚಿಹ್ನೆ ಒಂದಕ್ಕೊಂದು ತಿರುಗಿದೆ; ನಿಮ್ಮ ವಸ್ತು ಕೂಡಿಸುವ ಬದಲು ಹರಡಿಸುತ್ತಿದೆ.

ಮೂರನೆಯದು ನನಗೆ ಅತ್ಯಂತ ಇಷ್ಟವಾದ ಪರೀಕ್ಷೆ. ಅದೇ ಸೆಕ್‌ಎಚ್, ಎತ್ತರ 2. ಈ ಕಿರಣ ಮೊದಲು ಬಿಗಿಯಾಗುತ್ತದೆ, ಪೈ ÷ 4 ದೂರದಲ್ಲಿ ನಡುವಿನ ತೀವ್ರತೆ 4ರಿಂದ ಸರಿಯಾಗಿ 16ಕ್ಕೆ ಏರುತ್ತದೆ, ಪಕ್ಕದಲ್ಲಿ ಎರಡು ಸಣ್ಣ ಕೊಂಬು ಮೂಡುತ್ತವೆ, ಪೈ ÷ 2ರಲ್ಲಿ ಮತ್ತೆ ಮೊದಲಿನ ಆಕಾರಕ್ಕೇ ಮರಳುತ್ತದೆ. 1970ರ ದಶಕದ ಆರಂಭದಲ್ಲಿ ಝಖಾರೊವ್ ಮತ್ತು ಶಬಾತ್ ಈ ಸಮೀಕರಣವನ್ನು ಪೂರ್ತಿಯಾಗಿ ಬಿಡಿಸಿದ್ದರಿಂದಲೇ ಇಂಥ ಖಚಿತ ಉತ್ತರಗಳು ನಮ್ಮ ಕೈಯಲ್ಲಿವೆ. ಪೂರ್ತಿ ಆವರ್ತಕ್ಕೆ 800 ಹೆಜ್ಜೆ ಬರುವಂತೆ ಹೆಜ್ಜೆಯ ಉದ್ದ ಆರಿಸಿ. ಆಗ 400ನೇ ಹೆಜ್ಜೆ ಸರಿಯಾಗಿ ಶಿಖರದ ಮೇಲೆ ಬೀಳುತ್ತದೆ.

ಇದೇ ಪ್ರಯೋಗವನ್ನು ಹೆಜ್ಜೆ ಅರ್ಧ ಮಾಡಿ ಮತ್ತೊಮ್ಮೆ ನಡೆಸಿ. 16ರಿಂದ ಎಷ್ಟು ದೂರವಿದ್ದಿರೋ ಆ ದೋಷ ನಾಲ್ಕನೇ ಒಂದಕ್ಕೆ ಇಳಿಯಬೇಕು. ಅರ್ಧಕ್ಕಷ್ಟೇ ಇಳಿದರೆ ಅರ್ಧ-ಪೂರ್ತಿ-ಅರ್ಧ ಹೊಂದಿಕೆ ಎಲ್ಲೋ ತಪ್ಪಿದೆ ಎಂದರ್ಥ, ಚಿತ್ರ ಎಷ್ಟೇ ಸರಿಯಾಗಿ ಕಂಡರೂ.

ಒಟ್ಟು ಶಕ್ತಿ ಬದಲಾಗಲಿಲ್ಲ, ಆದ್ದರಿಂದ ಪ್ರೋಗ್ರಾಂ ಸರಿ ಎಂದು ವರದಿಗಳಲ್ಲಿ ಬರೆಯುವುದುಂಟು. ಈ ವಿಧಾನದಲ್ಲಿ ಆ ವಾದಕ್ಕೆ ಬೆಲೆಯಿಲ್ಲ. ಎರಡು ಹಂತಗಳೂ ಫೇಸನ್ನು ಮಾತ್ರ ತಿರುಗಿಸುವುದರಿಂದ, ತಪ್ಪು ಫೇಸ್ ತಿರುಗಿಸಿದರೂ ಒಟ್ಟು ಶಕ್ತಿ ಹಾಗೇ ಉಳಿಯುತ್ತದೆ. ನೋಡಬೇಕಾದ್ದು ಹ್ಯಾಮಿಲ್ಟೋನಿಯನ್: ಯು-ನ ಇಳಿಜಾರಿನ ವರ್ಗದ ಅನುಕಲದಿಂದ ತೀವ್ರತೆಯ ವರ್ಗದ ಅನುಕಲವನ್ನು ಕಳೆದು ಅರ್ಧ ಮಾಡಿ. ಎತ್ತರ 1ರ ಸೆಕ್‌ಎಚ್‌ಗೆ ಇದು −1/3. ದೂರದುದ್ದಕ್ಕೂ ಇದು ಕದಲದಿದ್ದರೆ ಧೈರ್ಯವಾಗಿ ಮುಂದೆ ಹೋಗಿ.

ಏಳನೇ ಹೆಜ್ಜೆ: ನಿಮ್ಮ ವಸ್ತುವಿನ ಗುಣಗಳನ್ನು ಸೇರಿಸುವುದು

ಒಡೆದು ಬಿಡಿಸುವ ವಿಧಾನದ ದೊಡ್ಡ ಅನುಕೂಲ ಇಲ್ಲಿ ಕಾಣುತ್ತದೆ: ವಸ್ತು ಬದಲಾದರೆ ನಡುವಿನ ಹಂತವನ್ನಷ್ಟೇ ಬದಲಿಸಿದರೆ ಆಯಿತು. ವಸ್ತು ಬೆಳಕು ಹೀರುತ್ತದೆಯೇ? ಪ್ರತಿ ಹೆಜ್ಜೆಯಲ್ಲಿ ಪಾರವನ್ನು ತಕ್ಕಷ್ಟು ಕುಗ್ಗಿಸಿ. ತೀವ್ರತೆ ಏರಿದಂತೆ ಪರಿಣಾಮ ಒಂದು ಮಿತಿಗೆ ಬಂದು ನಿಲ್ಲುತ್ತದೆಯೇ? ತೀವ್ರತೆಯ ಜಾಗದಲ್ಲಿ ತೀವ್ರತೆ ÷ (1 + ತೀವ್ರತೆ ÷ ಮಿತಿ) ಎಂದು ಬರೆಯಿರಿ.

ಮೈಸೂರಿನವರು ನೋಡಲೇಬೇಕಾದ ವಸ್ತು ಎಂದರೆ ದ್ರವ ಹರಳು (ಲಿಕ್ವಿಡ್ ಕ್ರಿಸ್ಟಲ್). 1960ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಎಸ್. ಚಂದ್ರಶೇಖರ್ ದ್ರವ ಹರಳುಗಳ ಅಧ್ಯಯನ ಶುರುಮಾಡಿದ್ದು ಇಲ್ಲೇ. ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋಗಿ, 1977ರಲ್ಲಿ ಬಿಲ್ಲೆಯಾಕಾರದ ಅಣುಗಳ ದ್ರವ ಹರಳನ್ನು ಅವರ ತಂಡ ಪ್ರಕಟಿಸಿತು. ನೆಮ್ಯಾಟಿಕ್ ದ್ರವ ಹರಳಿನಲ್ಲಿ ಉದ್ದನೆಯ ಅಣುಗಳನ್ನು ಬೆಳಕಿನ ಕ್ಷೇತ್ರ ತಿರುಗಿಸುತ್ತದೆ, ಆದ್ದರಿಂದ ಕೆಲವೇ ಮಿಲಿವ್ಯಾಟ್ ಶಕ್ತಿಯಲ್ಲಿ ಕಿರಣ ತನ್ನನ್ನು ತಾನು ಹಿಡಿದಿಟ್ಟುಕೊಳ್ಳುತ್ತದೆ. ಇಂಥ ಕಿರಣಕ್ಕೆ ನೆಮ್ಯಾಟಿಕಾನ್ ಎಂದೇ ಹೆಸರು.

ಒಂದು ಅಣು ತಿರುಗಿದರೆ ಅಕ್ಕಪಕ್ಕದವೂ ತಿರುಗುವುದರಿಂದ ಪರಿಣಾಮ ಕಿರಣದ ಆಚೆಗೂ ಹಬ್ಬುತ್ತದೆ. ಇದನ್ನು ಸೇರಿಸುವುದು ಸುಲಭ: ತೀವ್ರತೆಯನ್ನು ಫೂರಿಯೆಗೆ ಒಯ್ದು, (1 + ಹಬ್ಬುವ ದೂರದ ವರ್ಗ × ತರಂಗ ಸಂಖ್ಯೆಯ ವರ್ಗ) ಇದರಿಂದ ಭಾಗಿಸಿ, ವಾಪಸ್ ತಂದು, ಕೆರ್ ಹಂತದಲ್ಲಿ ತೀವ್ರತೆಯ ಬದಲು ಇದನ್ನು ಬಳಸಿ. ಹಬ್ಬುವ ದೂರ ಸೊನ್ನೆ ಮಾಡಿದಾಗ ಹಳೆಯ ಉತ್ತರಗಳೇ ಮರಳಬೇಕು; ಆ ಪರೀಕ್ಷೆ ಬಿಡಬೇಡಿ.

ಎಂಟನೇ ಹೆಜ್ಜೆ: ಎರಡು ಅಡ್ಡ ದಿಕ್ಕುಗಳು

ನಿಜವಾದ ಕಿರಣಕ್ಕೆ ಅಗಲವೂ ಎತ್ತರವೂ ಇವೆ. ಪ್ರೋಗ್ರಾಂನಲ್ಲಿ ಎರಡು ಆಯಾಮದ ಫೂರಿಯೆ ಹಾಕಿ, ಎರಡು ತರಂಗ ಸಂಖ್ಯೆಗಳ ವರ್ಗಗಳನ್ನು ಕೂಡಿಸಿದರೆ ಮುಗಿಯಿತು. 256 × 256 ಬಿಂದುಗಳ ಲೆಕ್ಕ ಸಾಮಾನ್ಯ ಲ್ಯಾಪ್‌ಟಾಪಿಗೆ ಭಾರವಲ್ಲ. ಬೆಳಿಗ್ಗೆ ಮಂಡ್ಯದಲ್ಲಿ ರೈಲು ಹತ್ತುವಾಗ ಶುರುಮಾಡಿದರೆ ಮೈಸೂರಿನಲ್ಲಿ ಇಳಿಯುವಷ್ಟರಲ್ಲಿ ಮುಗಿದಿರುತ್ತದೆ.

ಭೌತಶಾಸ್ತ್ರ ಮಾತ್ರ ಪೂರ್ತಿ ಬದಲಾಗುತ್ತದೆ. ಒಂದು ಆಯಾಮದಲ್ಲಿ ತೀವ್ರತೆ ಏರಿದರೆ ಕಿರಣ ಇನ್ನಷ್ಟು ಸಪೂರವಾಗಿ ಹೊಸ ಸಮತೋಲಕ್ಕೆ ಬರುತ್ತದೆ. ಎರಡು ಆಯಾಮದಲ್ಲಿ ಆ ದಾರಿಯಿಲ್ಲ. ಕಿರಣ ಅರ್ಧದಷ್ಟು ಸಪೂರವಾದರೆ ವಿವರ್ತನೆ ನಾಲ್ಕುಪಟ್ಟು, ತೀವ್ರತೆಯೂ ನಾಲ್ಕುಪಟ್ಟು. ಯಾವ ಅಗಲದಲ್ಲಾದರೂ ಪೈಪೋಟಿ ಅದೇ. ಹಾಗಾಗಿ ಗೆಲುವನ್ನು ನಿರ್ಧರಿಸುವುದು ಒಟ್ಟು ಶಕ್ತಿ ಮಾತ್ರ, ಅಗಲವಲ್ಲ. 1964ರಲ್ಲಿ ಚಿಯಾವೊ, ಗಾರ್ಮೈರ್ ಮತ್ತು ಟೌನ್ಸ್ ಈ ನಿರ್ಣಾಯಕ ಶಕ್ತಿಯನ್ನು ಗುರುತಿಸಿದರು. ಗಾಸಿಯನ್ ಕಿರಣಕ್ಕೆ ಅದು 1.896 × ತರಂಗದೂರದ ವರ್ಗ ÷ (4 ಪೈ × ಮೂಲ ಸೂಚ್ಯಂಕ × ಎನ್‌ಟೂ). ಸಿಲಿಕಾ ಗಾಜಿನಲ್ಲಿ 800 ನ್ಯಾನೋಮೀಟರಿಗೆ ಸುಮಾರು 25 ಲಕ್ಷ ವ್ಯಾಟ್. ನಮ್ಮ ಕಾರ್ಬನ್ ಡೈಸಲ್ಫೈಡಿನಲ್ಲಿ ಹಸಿರು ಬೆಳಕಿಗೆ ಸುಮಾರು 9 ಸಾವಿರ ವ್ಯಾಟ್.

ಪ್ರೋಗ್ರಾಂನ ಮಾನಗಳಲ್ಲಿ, ಮೊದಲ ಪರೀಕ್ಷೆಯ ಆಕಾರದ ಗಾಸಿಯನ್‌ಗೆ ನಡುವಿನ ಪಾರ ಸುಮಾರು 1.38 ದಾಟಿದರೆ ಕುಸಿತ. 1.2 ಇಟ್ಟು ನಡೆಸಿ, ಕೊನೆಗೆ ಹರಡಬೇಕು. 1.6 ಇಟ್ಟು ನಡೆಸಿ, ತೀವ್ರತೆ ಏರುತ್ತಾ ಏರುತ್ತಾ ಜಾಲರಿಯ ಒಂದೆರಡು ಬಿಂದುಗಳಿಗೆ ಸೇರಿಬಿಡುತ್ತದೆ. ಅಲ್ಲಿ ನಿಲ್ಲಿಸಿ. ಅದರ ಮುಂದಿನ ಸಂಖ್ಯೆಗಳು ಜಾಲರಿಯವು, ಬೆಳಕಿನವಲ್ಲ. ನಿಜವಾದ ವಸ್ತುವಿನಲ್ಲಿ ಅಷ್ಟರೊಳಗೆ ಪರಿಣಾಮ ಮಿತಿಗೆ ಬಂದಿರುತ್ತದೆ, ಎಲೆಕ್ಟ್ರಾನ್‌ಗಳು ಕಿತ್ತುಬಂದು ಪ್ಲಾಸ್ಮಾ ಆಗಿರುತ್ತದೆ, ಇಲ್ಲವೇ ಗಾಜು ಸೀಳಿರುತ್ತದೆ. ಏಳನೇ ಹೆಜ್ಜೆಯ ಮಿತಿಯ ಪದವನ್ನೋ ಹಬ್ಬುವ ಪದವನ್ನೋ ಸೇರಿಸಿ ಮತ್ತೆ ನಡೆಸಿದರೆ ಕುಸಿತ ನಿಲ್ಲುವುದು ಕಾಣುತ್ತದೆ. ಎರಡೂ ಚಿತ್ರಗಳನ್ನು ವರದಿಯಲ್ಲಿ ಅಕ್ಕಪಕ್ಕ ಹಾಕಿ.

ಪ್ರತಿ ಚಿತ್ರದ ಕೆಳಗೆ ಬಿಂದುಗಳ ಸಂಖ್ಯೆ, ಕಿಟಕಿಯ ಅಗಲ, ಹೆಜ್ಜೆಯ ಉದ್ದ ಬರೆಯಿರಿ. ಅಕ್ಷಗಳಲ್ಲಿ ಮಾನವಿಲ್ಲದ ಸಂಖ್ಯೆಯ ಜೊತೆಗೆ ಮಿಲಿಮೀಟರ್, ಮೈಕ್ರೋಮೀಟರ್ ಕೂಡ ಇರಲಿ.

ಸಮಯ ಉಳಿದಿದ್ದರೆ ಇನ್ನೊಂದು ಪ್ರಯೋಗ ಮಾಡಿ. ಒಂದು ಆಯಾಮದ ಸಾಲಿಟಾನನ್ನು ಎರಡು ಆಯಾಮದ ಪ್ರೋಗ್ರಾಂಗೆ ಕೊಡಿ: ಒಂದು ದಿಕ್ಕಿನಲ್ಲಿ ಸೆಕ್‌ಎಚ್, ಇನ್ನೊಂದು ದಿಕ್ಕಿನಲ್ಲಿ ಉದ್ದಕ್ಕೂ ಒಂದೇ ಸಮನಾದ ಪಟ್ಟಿ. ಅದಕ್ಕೆ ನೂರರಲ್ಲಿ ಒಂದು ಪಾಲಿನಷ್ಟು ಯಾದೃಚ್ಛಿಕ ಗದ್ದಲ ಬೆರೆಸಿ. ಒಂದು ಆಯಾಮದಲ್ಲಿ ಅಲುಗಾಡದ ಕಿರಣ ಇಲ್ಲಿ ಕೆಲವು ಮಾನ ದೂರ ಹೋಗುವಷ್ಟರಲ್ಲಿ ತುಂಡುತುಂಡಾಗಿ ಮಣಿಗಳಂತೆ ಒಡೆಯುತ್ತದೆ. ಗದ್ದಲ ಬೆರೆಸದಿದ್ದರೆ ಈ ಅಸ್ಥಿರತೆ ಬಹಳ ದೂರದವರೆಗೆ ಅಡಗಿಯೇ ಇರುತ್ತದೆ. 1990ರಲ್ಲಿ ಏಚಿಸನ್ ಮತ್ತು ಸಂಗಡಿಗರು ಗಾಜಿನಲ್ಲಿ ಸಾಲಿಟಾನ್ ತೋರಿಸುವಾಗ ಗಾಜಿನ ಗಟ್ಟಿಯ ಬದಲು ಸಮತಲ ವೇವ್‌ಗೈಡ್ (ಬೆಳಕನ್ನು ಒಂದು ದಿಕ್ಕಿನಲ್ಲಿ ಕಟ್ಟಿಹಾಕುವ ತೆಳು ಪದರ) ಬಳಸಿದ್ದೇಕೆ ಎಂದು ವೈವಾದಲ್ಲಿ ಕೇಳಿದರೆ ಈ ಚಿತ್ರವನ್ನು ತೋರಿಸಿ.